ಹಿಮದ ಪದರಗಳು

ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರು ಕಪ್ಪುಮಣ್ಣಿನ ಬಯಲುಸೀಮೆಯ ಒಂದು ಹಳ್ಳಿ. ಬೇಸಗೆಯ ಬಿಸಿಲು, ಮುಂಗಾರಿನ ಮಳೆ, ಸುಗ್ಗಿಯ ಕಾಲದ ಚಳಿ ಇವೇ ಅಲ್ಲಿನ ಜನರು ಬಲ್ಲ ಋತುಗಳು. ಹಿಮವೆಂಬುದು ಅವರ ಪಾಲಿಗೆ ಭೂಗೋಳದ ಪುಸ್ತಕದಲ್ಲಿ ಕಂಡ ಮಾತು. 2016ರ ಫೆಬ್ರವರಿ ತಿಂಗಳಲ್ಲಿ ಆ ಮಾತು ಊರಿನ ಮನೆಮನೆಯ ಮಾತಾಯಿತು. ಆ ಊರಿನ ಮಗ, ಮದ್ರಾಸ್ ರೆಜಿಮೆಂಟಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, ಸಿಯಾಚಿನ್ ಹಿಮನದಿಯ ಮೇಲೆ ಸುಮಾರು 19,600 ಅಡಿ ಎತ್ತರದ ಕಾವಲುನೆಲೆಯಲ್ಲಿದ್ದರು. ಫೆಬ್ರವರಿ 3ರಂದು ಹಿಮದ ಬೃಹತ್ ಗೋಡೆಯೊಂದು ಕುಸಿದು, ನೆಲೆಯಲ್ಲಿದ್ದ ಹತ್ತು ಮಂದಿಯನ್ನೂ ಹೂತುಹಾಕಿತು.

ಸೇನೆಯ ರಕ್ಷಣಾದಳದವರು ಹಗಲಿರುಳೆನ್ನದೆ ಹಿಮವನ್ನು ಕೊರೆದರು. ಕಲ್ಲಿನಷ್ಟು ಗಡುಸಾಗಿದ್ದ ಅದನ್ನು ಯಂತ್ರಗಳಿಂದ ಕತ್ತರಿಸಬೇಕಾಯಿತು. ತರಬೇತಿ ಪಡೆದ ನಾಯಿಗಳು ನೆಲವನ್ನು ಮೂಸಿ ಎಡೆಗಳನ್ನು ತೋರಿಸಿದವು. ಫೆಬ್ರವರಿ 8ರಂದು, ಇಪ್ಪತ್ತೈದು ಅಡಿಗೂ ಹೆಚ್ಚಿನ ಆಳದಲ್ಲಿ, ಹನುಮಂತಪ್ಪನವರು ಇನ್ನೂ ಉಸಿರಾಡುತ್ತಿರುವುದು ಕಂಡುಬಂದಿತು. ದೇಶವೆಲ್ಲ ಆ ಉಸಿರಿಗಾಗಿ ಹಾರೈಸಿತು. ಆದರೆ ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅದು ನಿಂತಿತು. ಮಡಿದ ಹತ್ತು ಯೋಧರಲ್ಲಿ ಮೂವರು ಕರ್ನಾಟಕದವರು.

ಸೈನಿಕನಿಗೆ ಕಾವಲಿನ ನೆಲೆಯನ್ನು ಬಿಟ್ಟು ಬರುವ ಸ್ವಾತಂತ್ರ್ಯವಿಲ್ಲ. ಹಿಮ ಬೀಳಲಿ, ಬಿರುಗಾಳಿ ಬೀಸಲಿ, ಅವನು ಅಲ್ಲಿಯೇ ಇರಬೇಕು. ಆದರೆ ಬೆಟ್ಟದ ಸೊಬಗನ್ನು ಕಾಣಲೆಂದು ಹೋಗುವ ಚಾರಣಿಗನಿಗೆ ಆ ಕಟ್ಟಿಲ್ಲ. ಮುಂದೆ ಹೋಗಬೇಕೆ, ಹಿಂದಿರುಗಬೇಕೆ ಎಂದು ಯೋಚಿಸುವ ಅವಕಾಶ ಅವನಿಗುಂಟು. ಇಂದು ಚಳಿಗಾಲದಲ್ಲಿ ಉತ್ತರಾಖಂಡದ ಕೇದಾರಕಾಂಠದಂತಹ ಶಿಖರಗಳಿಗೂ ಕಾಶ್ಮೀರದ ಗುಲ್ಮಾರ್ಗಿನ ಇಳಿಜಾರುಗಳಿಗೂ ದೇಶದ ಮೂಲೆಮೂಲೆಗಳಿಂದ ಯುವಕ ಯುವತಿಯರು ಹೋಗುತ್ತಾರೆ. ಬೆಂಗಳೂರಿನಿಂದ ಹೋಗುವವರೂ ಹಲವರು. ಅವರಿಗೆ ದೊರೆತಿರುವ ಆ ಅವಕಾಶವನ್ನು ಸರಿಯಾಗಿ ಬಳಸಿಕೊಳ್ಳಬೇಕಾದರೆ ಹಿಮದ ಸ್ವಭಾವವನ್ನು ಅರಿತಿರಬೇಕು.

ದೂರದಿಂದ ನೋಡುವವನ ಕಣ್ಣಿಗೆ ಹಿಮವು ಬೆಟ್ಟಕ್ಕೆ ಹೊದಿಸಿದ ಒಂದೇ ಬಿಳಿಯ ವಸ್ತ್ರದಂತೆ ತೋರುತ್ತದೆ. ವಾಸ್ತವದಲ್ಲಿ ಅದು ಉತ್ತರ ಕರ್ನಾಟಕದ ಮನೆಗಳಲ್ಲಿ ಕಾಣುವ ಕೌದಿಯಂತೆ ಹಲವು ಪದರಗಳಿಂದ ಆದುದು. ಪ್ರತಿಯೊಂದು ಹಿಮಪಾತವೂ ಒಂದು ಹೊಸ ಪದರವನ್ನು ಹಾಸಿಹೋಗುತ್ತದೆ. ನಡುವೆ ಬಿಸಿಲು ಬಂದರೆ ಮೇಲ್ಭಾಗ ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟಿ ಗಾಜಿನಂತಹ ಹೊರಪೊರೆಯಾಗುತ್ತದೆ. ಗಾಳಿ ಬೀಸಿದರೆ ಇನ್ನೊಂದು ಬಗೆಯ ಪದರ. ಹೀಗೆ ನವೆಂಬರಿನಿಂದ ಏಪ್ರಿಲಿನವರೆಗೆ ಆಕಾಶದಲ್ಲಿ ನಡೆದುದೆಲ್ಲವೂ ನೆಲದ ಮೇಲೆ ಒಂದರ ಮೇಲೊಂದಾಗಿ ದಾಖಲಾಗುತ್ತದೆ. ಕೌದಿಯ ಪದರಗಳನ್ನು ತಾಯಂದಿರ ಹೊಲಿಗೆ ಹಿಡಿದಿಡುತ್ತದೆ. ಹಿಮದ ಪದರಗಳಿಗೆ ಹೊಲಿಗೆ ಇರುವುದೂ ಉಂಟು, ಇಲ್ಲದಿರುವುದೂ ಉಂಟು. ಅಪಾಯವೆಲ್ಲ ಆ ಹೊಲಿಗೆಯಿಲ್ಲದ ಎಡೆಯಲ್ಲಿ ಅಡಗಿದೆ.

ಈ ಹೊಲಿಗೆ ಹೇಗೆ ಬೀಳುತ್ತದೆ, ಹೇಗೆ ಬಿಡುತ್ತದೆ ಎಂಬುದು ಕುತೂಹಲಕರವಾದ ವಿಷಯ. ಆಕಾಶದಿಂದ ಇಳಿದ ಹಿಮದ ಹಳುಕು ಆರು ಮೂಲೆಯ ನಕ್ಷತ್ರದಂತಿರುತ್ತದೆ. ಹವೆ ಹದವಾಗಿದ್ದರೆ ಅದರ ಮೊನೆಗಳು ಕೆಲವು ದಿನಗಳಲ್ಲಿ ಸವೆದು, ಹಳುಕುಗಳು ದುಂಡು ಕಾಳುಗಳಾಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಗ ಪದರ ಗಟ್ಟಿಯಾಗುತ್ತದೆ. ಆದರೆ ಹಿಮದ ಹೊದಿಕೆ ತೆಳುವಾಗಿದ್ದು ಆಕಾಶ ನಿರ್ಮಲವಾಗಿ ಕೊರೆಯುವ ಚಳಿಯಿದ್ದರೆ ಆಗುವುದೇ ಬೇರೆ. ಹಿಮದಡಿಯ ನೆಲ ಸುಮಾರು ಸೊನ್ನೆ ಡಿಗ್ರಿಯಲ್ಲಿ ಬೆಚ್ಚಗಿರುತ್ತದೆ. ಮೇಲ್ಮೈ ಸೊನ್ನೆಗಿಂತ ಹದಿನೈದಿಪ್ಪತ್ತು ಡಿಗ್ರಿ ಕೆಳಗಿರುತ್ತದೆ. ಈ ವ್ಯತ್ಯಾಸದಿಂದ ನೀರಾವಿಯು ಕೆಳಗಿನ ಕಾಳುಗಳಿಂದ ಮೇಲೇರಿ, ಮೇಲಿನವುಗಳ ಮೇಲೆ ಮತ್ತೆ ಹರಳುಗಟ್ಟುತ್ತದೆ. ಒಂದು ಮೀಟರ್ ದಪ್ಪದ ಹಿಮದಲ್ಲಿ ಹತ್ತು ಡಿಗ್ರಿಗಿಂತ ಹೆಚ್ಚಿನ ವ್ಯತ್ಯಾಸವಿದ್ದರೆ ಈ ಕ್ರಿಯೆ ಬಲಗೊಳ್ಳುತ್ತದೆ. ಹೀಗೆ ಬೆಳೆದ ಹರಳುಗಳು ಮೂಲೆಮೂಲೆಯಾಗಿ, ದಪ್ಪ ಸಕ್ಕರೆಯ ಕಾಳುಗಳಂತೆ ಕಾಣುತ್ತವೆ. ಅಂಗೈಯಲ್ಲಿ ಹಿಡಿದು ಉಂಡೆ ಕಟ್ಟಲು ಹೋದರೆ ಉದುರಿಹೋಗುತ್ತವೆ. ಒಂದನ್ನೊಂದು ಹಿಡಿದುಕೊಳ್ಳುವ ಗುಣವೇ ಅವಕ್ಕಿಲ್ಲ.

ಇದೇ ಬಗೆಯ ಇನ್ನೊಂದು ಹರಳುಂಟು. ಗಾಳಿಯಿಲ್ಲದ ನಿರ್ಮಲ ರಾತ್ರಿಯಲ್ಲಿ ನಮ್ಮ ಹೊಲಗಳ ಹುಲ್ಲಿನ ಮೇಲೆ ಇಬ್ಬನಿ ಕೂರುವಂತೆ ಅಲ್ಲಿ ಹಿಮದ ಮೇಲೆ ಗರಿಯಂತಹ ಹರಳುಗಳು ಬೆಳೆಯುತ್ತವೆ. ಬೆಳಗಿನ ಬಿಸಿಲಿನಲ್ಲಿ ಅವು ಥಳಥಳಿಸುವ ನೋಟ ಮನೋಹರ. ಅವುಗಳ ಮೇಲೆ ಮತ್ತೊಂದು ಹಿಮಪಾತವಾದರೆ ಆ ಸೊಬಗೇ ಹೂತುಹೋದ ಶತ್ರುವಾಗುತ್ತದೆ. ವಾರಗಟ್ಟಲೆ ಆ ತೆಳು ಪದರ ತನ್ನ ದೌರ್ಬಲ್ಯವನ್ನು ಕಾಯ್ದುಕೊಂಡು ಒಳಗೇ ಕುಳಿತಿರುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಹಿಮಕ್ಕೆ ಹೊಂದುವಷ್ಟು ಬೇರಾವುದಕ್ಕೂ ಹೊಂದಲಾರದು.

ಹಿಮಕುಸಿತದಲ್ಲಿ ಹಲವು ಬಗೆಗಳುಂಟು. ಸಿಯಾಚಿನ್ನಿನಂತಹ ಎಡೆಗಳಲ್ಲಿ ಹಿಮಗಡ್ಡೆಯ ಗೋಡೆಗಳೇ ಮುರಿದು ಬೀಳಬಹುದು. ಹೊಸದಾಗಿ ಬಿದ್ದ ಪುಡಿಹಿಮ ಮರಳಿನಂತೆ ಜಾರಬಹುದು. ವಸಂತದ ಮಧ್ಯಾಹ್ನಗಳಲ್ಲಿ ಕರಗಿದ ನೀರು ಒಳಗಿಳಿದು ಒದ್ದೆಹಿಮವೇ ಹರಿದು ಬರಬಹುದು. ಆದರೆ ಬೆಟ್ಟದಲ್ಲಿ ನಡೆಯುವವರನ್ನೂ ಜಾರಾಟವಾಡುವವರನ್ನೂ ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ಚಪ್ಪಡಿಯಾಗಿ ಜಾರುವ ಹಿಮ. ಮೇಲೆ ಗಟ್ಟಿಯಾದ ಪದರ, ಕೆಳಗೆ ಸಕ್ಕರೆಯಂತಹ ದುರ್ಬಲ ಪದರ, ಅದರಡಿಯಲ್ಲಿ ನುಣುಪಾದ ಹಾಸು. ನಯವಾದ ಕಲ್ಲಿನ ಮೇಲೆ ಸಾಸಿವೆ ಚೆಲ್ಲಿ, ಅದರ ಮೇಲೊಂದು ಹಲಗೆಯಿಟ್ಟು, ಕಲ್ಲನ್ನು ಓರೆಮಾಡಿದರೆ ಹಲಗೆ ಹೇಗೆ ಜಾರುವುದೋ ಹಾಗೆ. ದುರ್ಬಲ ಪದರ ಒಂದೆಡೆ ಕುಸಿಯಿತೆಂದರೆ ಬಿರುಕು ಕ್ಷಣಮಾತ್ರದಲ್ಲಿ ಅಗಲಕ್ಕೂ ಹಬ್ಬಿ ಇಡೀ ಚಪ್ಪಡಿ ಕಳಚಿಕೊಳ್ಳುತ್ತದೆ. ಕೆಲವೇ ಕ್ಷಣಗಳಲ್ಲಿ ಅದು ಗಂಟೆಗೆ 100 ಕಿಲೋಮೀಟರ್ ವೇಗವನ್ನು ಮುಟ್ಟಬಲ್ಲದು. ಓಡಿ ತಪ್ಪಿಸಿಕೊಳ್ಳುವೆನೆಂಬುದು ವ್ಯರ್ಥವಾದ ಆಸೆ.

ಹಿಮ ಹತ್ತಿಯಂತೆ ಹಗುರವೆಂದು ತಿಳಿಯುವುದೂ ತಪ್ಪು. ಇಪ್ಪತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲ, ಅರ್ಧ ಮೀಟರ್ ದಪ್ಪದ ಒಂದು ಸಣ್ಣ ಚಪ್ಪಡಿಯನ್ನು ಭಾವಿಸೋಣ. ಅದರ ಗಾತ್ರ 200 ಘನಮೀಟರ್. ಗಾಳಿಯಿಂದ ಒತ್ತಿಕೊಂಡ ಹಿಮ ಘನಮೀಟರಿಗೆ 200 ಕಿಲೋಗ್ರಾಂ ತೂಗಿದರೂ ಒಟ್ಟು 40,000 ಕಿಲೋಗ್ರಾಂ ಆಯಿತು. ಇದು ಹತ್ತು ಟನ್ ಹೊರುವ ನಾಲ್ಕು ಲಾರಿಗಳ ಭಾರ. ಶಾಲೆಯ ಆಟದ ಮೈದಾನದ ಒಂದು ಮೂಲೆಯಷ್ಟು ಹಿಮದ ಲೆಕ್ಕವಿದು.

ಎಲ್ಲ ಇಳಿಜಾರುಗಳೂ ಸಮಾನವಾಗಿ ಅಪಾಯಕರವಲ್ಲ. ಜ್ಯಾಮಿತಿ ಪೆಟ್ಟಿಗೆಯ ಎರಡು ಮೂಲೆಮಟ್ಟಗಳಲ್ಲಿ 30 ಮತ್ತು 45 ಡಿಗ್ರಿಯ ಕೋನಗಳಿರುವುದನ್ನು ವಿದ್ಯಾರ್ಥಿಗಳು ಕಂಡಿದ್ದಾರೆ. ಚಪ್ಪಡಿಯ ಕುಸಿತಗಳು ಬಹುಪಾಲು ನಡೆಯುವುದು ಈ ಎರಡು ಕೋನಗಳ ನಡುವಿನ ಇಳಿಜಾರಿನಲ್ಲಿಯೇ. ಅದಕ್ಕಿಂತ ಕಡಿಮೆ ಓರೆಯಲ್ಲಿ ಹಿಮ ಸಾಮಾನ್ಯವಾಗಿ ನಿಲ್ಲುತ್ತದೆ. ಬಹಳ ಕಡಿದಾದೆಡೆ ರಾಶಿಯಾಗುವ ಮೊದಲೇ ಉದುರಿಹೋಗುತ್ತದೆ. ಜಾರಾಟಕ್ಕೆ ಅತ್ಯಂತ ಸೊಗಸಾದ ಓರೆಯೂ ಇದೇ ಎಂಬುದು ದುರ್ದೈವ. ಇನ್ನೂ ಒಂದು ಎಚ್ಚರಿಕೆಯುಂಟು. ಸಮತಟ್ಟಾದ ಬುಡದಲ್ಲಿ ನಡೆಯುವವನ ಹೆಜ್ಜೆಯ ಭಾರಕ್ಕೆ ಮೇಲಿನ ಇಳಿಜಾರು ಕಳಚಿಕೊಂಡು ಬರಬಹುದು. ಆದುದರಿಂದ ಕಾಲ ಕೆಳಗಿನ ನೆಲವನ್ನಷ್ಟೇ ನೋಡಿದರೆ ಸಾಲದು, ತಲೆಯ ಮೇಲಿನ ಬೆಟ್ಟವನ್ನೂ ನೋಡಬೇಕು.

ಗಾಳಿಯ ಪಾತ್ರವೂ ಸಣ್ಣದಲ್ಲ. ಅದು ಬೆಟ್ಟದ ಒಂದು ಮಗ್ಗುಲಿನ ಹಿಮವನ್ನು ಹೊತ್ತೊಯ್ದು ಶಿಖರಪಂಕ್ತಿಯ ಆಚೆಯ ಮರೆಯಲ್ಲಿ ಪೇರಿಸುತ್ತದೆ. ಆಕಾಶದಿಂದ ಒಂದು ಹಳುಕೂ ಬೀಳದ ದಿನದಲ್ಲಿಯೂ ಮರೆಯ ಇಳಿಜಾರಿನ ಮೇಲೆ ಹೊರೆ ಏರುತ್ತಲೇ ಇರುತ್ತದೆ. ಹೀಗೆ ಕಟ್ಟಿದ ಪದರವನ್ನು ತಟ್ಟಿದರೆ ತಮಟೆಯಂತೆ ಟೊಳ್ಳು ಸದ್ದು ಬರುವುದುಂಟು.

ಹಿಮಾಲಯದ ಪಶ್ಚಿಮ ಭಾಗಕ್ಕೆ ಚಳಿಗಾಲದ ಹಿಮವನ್ನು ತರುವುದು ಮೆಡಿಟರೇನಿಯನ್ ಕಡೆಯಿಂದ ಬರುವ ವಾಯುಕ್ಷೋಭೆಗಳು. ಅದೇ ಹಿಮ ಎಲ್ಲೆಡೆಯಲ್ಲಿಯೂ ಒಂದೇ ರೀತಿ ವರ್ತಿಸುವುದಿಲ್ಲ. ಗುಲ್ಮಾರ್ಗ್ ಇರುವ ಪೀರ್ ಪಂಜಾಲ್ ಶ್ರೇಣಿಯಲ್ಲಿ ಹಿಮ ಹೇರಳ, ಚಳಿ ಮಿತ. ಅಲ್ಲಿ ಕುಸಿತಗಳು ಹೆಚ್ಚಾಗಿ ಹಿಮ ಸುರಿಯುವಾಗ ಅಥವಾ ಸುರಿದು ನಿಂತ ಒಂದೆರಡು ದಿನಗಳಲ್ಲಿ ಆಗುತ್ತವೆ. ಅದರ ಉತ್ತರಕ್ಕಿರುವ ಮಹಾಹಿಮಾಲಯದಲ್ಲಿ ಚಳಿ ಹೆಚ್ಚು, ದುರ್ಬಲ ಪದರಗಳು ಬಹುಕಾಲ ಬಾಳುತ್ತವೆ. ಇನ್ನೂ ಆಚೆಯ ಕಾರಕೋರಂ ಶ್ರೇಣಿಯಲ್ಲಿ ಹಿಮ ಒಣಗಿದ್ದು, ಚಳಿ ಉಗ್ರವಾಗಿದ್ದು, ಸಕ್ಕರೆಯಂತಹ ಹರಳುಗಳೇ ಪ್ರಧಾನ. ಅಲ್ಲಿ ಬಿರುಗಾಳಿ ನಿಂತು ವಾರ ಕಳೆದ ಮೇಲೂ ನಿಶ್ಚಿಂತೆಯಿಂದಿರುವಂತಿಲ್ಲ.

ಈ ಬೆಟ್ಟಗಳು ತೆತ್ತ ಬಲಿಗಳು ಅನೇಕ. 2005ರ ಫೆಬ್ರವರಿಯಲ್ಲಿ ಕಾಶ್ಮೀರದ ವಾಲ್ಟೆಂಗು ನಾರ್ ಎಂಬ ಹಳ್ಳಿಯ ಮೇಲೆ ಹಿಮ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. 2010ರ ಫೆಬ್ರವರಿ 8ರಂದು ಗುಲ್ಮಾರ್ಗಿನ ಮೇಲಿನ ಖಿಲನ್‌ಮಾರ್ಗದಲ್ಲಿ ತರಬೇತಿ ಪಡೆಯುತ್ತಿದ್ದ ಸೈನಿಕರ ಮೇಲೆ ಹಿಮ ಎರಗಿ 17 ಮಂದಿ ಮಡಿದರು. ಹಿಮವನ್ನೇ ಪಾಠವಾಗಿ ಕಲಿಯುತ್ತಿದ್ದವರನ್ನೂ ಅದು ಬಿಡಲಿಲ್ಲ. 2023ರ ಫೆಬ್ರವರಿ 1ರಂದು ಅಲ್ಲಿಯೇ ಅಫರ್ವತ್ ಶಿಖರದ ಇಳಿಜಾರಿನಲ್ಲಿ ಜಾರಾಟಕ್ಕೆ ಬಂದಿದ್ದ ಪೋಲೆಂಡ್ ದೇಶದ ಇಬ್ಬರು ಪ್ರಾಣ ಕಳೆದುಕೊಂಡರು.

ಇಂತಹ ಸಾವುಗಳನ್ನು ತಡೆಯುವ ಬಗೆಯನ್ನು ಮನುಷ್ಯ ಅರಸದೆ ಇಲ್ಲ. ಸ್ವಿಟ್ಜರ್ಲೆಂಡಿನ ದಾವೋಸ್ ಪಟ್ಟಣದ ಮೇಲಿನ ಬೆಟ್ಟವೊಂದರಲ್ಲಿ 1936ರ ಹೊತ್ತಿಗೆ ವಿಜ್ಞಾನಿಗಳು ಪುಟ್ಟ ಪ್ರಯೋಗಶಾಲೆಯೊಂದನ್ನು ಕಟ್ಟಿ ಹಿಮದ ಪದರಗಳನ್ನು ಅಳೆಯತೊಡಗಿದರು. ಭಾರತದಲ್ಲಿ 1969ರಲ್ಲಿ ಮನಾಲಿಯಲ್ಲಿ ಹಿಮ ಮತ್ತು ಹಿಮಕುಸಿತಗಳ ಅಧ್ಯಯನ ಸಂಸ್ಥೆ ಆರಂಭವಾಯಿತು. 2020ರಲ್ಲಿ ಅದು ಮತ್ತೊಂದು ಸಂಸ್ಥೆಯೊಡನೆ ಸೇರಿ ರಕ್ಷಣಾ ಭೂಮಾಹಿತಿ ಸಂಶೋಧನಾ ಸಂಸ್ಥೆ ಎಂಬ ಹೆಸರು ಪಡೆಯಿತು. ಹಿಮಕುಸಿತದ ಮುನ್ಸೂಚನೆ ನೀಡುವುದು ಅದರ ಕೆಲಸಗಳಲ್ಲೊಂದು. ಯೂರೋಪಿನ ದೇಶಗಳು 1993ರಲ್ಲಿ ಒಪ್ಪಿಕೊಂಡ ಕ್ರಮದಂತೆ ಅಪಾಯವನ್ನು ಅಲ್ಪ, ಮಿತ, ಗಣನೀಯ, ಅಧಿಕ, ಅತ್ಯಧಿಕ ಎಂದು ಐದು ಹಂತಗಳಲ್ಲಿ ಹೇಳುವುದುಂಟು. ಇವುಗಳಲ್ಲಿ ಹೆಚ್ಚಿನ ಸಾವು ಸಂಭವಿಸಿರುವುದು ಐದನೆಯ ಹಂತದಲ್ಲಲ್ಲ, ಮೂರನೆಯದರಲ್ಲಿ. ಅತ್ಯಧಿಕವೆಂದಾಗ ಜನ ಮನೆಯಲ್ಲಿರುತ್ತಾರೆ. ಗಣನೀಯವೆಂದಾಗ ಪರವಾಗಿಲ್ಲವೆಂದು ಹೊರಡುತ್ತಾರೆ.

ಮುನ್ಸೂಚನೆ ಇಡೀ ಪ್ರದೇಶಕ್ಕೆ ಹೇಳಿದ ಮಾತು. ಎದುರಿಗಿರುವ ಒಂದು ಇಳಿಜಾರಿನ ಮಾತನ್ನು ಅಲ್ಲಿಯೇ ಕೇಳಿ ತಿಳಿಯಬೇಕು. ಹಿಮ ಮೌನವಾಗಿದ್ದರೂ ಸೂಚನೆ ಕೊಡದೆ ಇರುವುದಿಲ್ಲ. ಅಕ್ಕಪಕ್ಕದ ಇಳಿಜಾರುಗಳಲ್ಲಿ ಹೊಸ ಕುಸಿತದ ಗುರುತುಗಳು, ಹೆಜ್ಜೆಯಿಟ್ಟಾಗ ಒಳಗಿನಿಂದ ಗುಮ್ಮೆಂದು ಬರುವ ಸದ್ದು, ಕಾಲಿನ ಬಳಿಯಿಂದ ಓಡುವ ಬಿರುಕು, ಒಂದೇ ದಿನದಲ್ಲಿ ಬಿದ್ದ ಭಾರಿ ಹಿಮ, ತಟ್ಟನೆ ಏರಿದ ಬಿಸಿ: ಇವುಗಳಲ್ಲಿ ಒಂದು ಕಂಡರೂ ಎಚ್ಚರಗೊಳ್ಳಬೇಕು. ಬಲ್ಲವರು ಹಿಮದಲ್ಲಿ ಗುಂಡಿ ತೋಡಿ ಪದರಗಳನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ. ಗುಂಡಿಯ ಗೋಡೆಯಲ್ಲಿ ಮೂವತ್ತು ಸೆಂಟಿಮೀಟರ್ ಚೌಕದ ಕಂಬವೊಂದನ್ನು ಕಡಿದು ಬಿಡಿಸಿ, ಮೇಲೆ ಸಲಿಕೆಯನ್ನಿಟ್ಟು, ಮೊದಲು ಮಣಿಕಟ್ಟಿನಿಂದ ಹತ್ತು ಸಲ, ಆಮೇಲೆ ಮೊಣಕೈಯಿಂದ ಹತ್ತು ಸಲ, ಕಡೆಗೆ ಭುಜದಿಂದ ಹತ್ತು ಸಲ ತಟ್ಟುತ್ತಾರೆ. ನಾಲ್ಕಾರು ಮೆಲುತಟ್ಟಿಗೇ ಕಂಬ ಮುರಿದು ಜಾರಿದರೆ ಆ ಇಳಿಜಾರಿಗೆ ಕೈಮುಗಿದು ಹಿಂದಿರುಗುತ್ತಾರೆ. ಕಂಬ ಮುರಿಯದಿದ್ದರೂ ಅದೊಂದನ್ನೇ ಅಭಯವೆಂದು ನಂಬುವುದಿಲ್ಲ. ಹತ್ತು ಮಾರು ದೂರದಲ್ಲಿ ಹಿಮದ ಒಡಲು ಬೇರೆಯಾಗಿರಬಹುದು.

ದಾಟಲೇಬೇಕಾದೆಡೆ ಒಬ್ಬರಾದ ಮೇಲೊಬ್ಬರು ದಾಟಬೇಕು. ಉಳಿದವರು ಸುರಕ್ಷಿತವಾದ ಎಡೆಯಲ್ಲಿ ನಿಂತು ಅವರನ್ನೇ ನೋಡುತ್ತಿರಬೇಕು. ಪ್ರತಿಯೊಬ್ಬರೂ ಸಂಕೇತ ಕಳುಹಿಸುವ ಅಂಗೈಯಗಲದ ರೇಡಿಯೋ ಯಂತ್ರ, ಉದ್ದನೆಯ ಶೋಧನಕಡ್ಡಿ, ಸಲಿಕೆ ಈ ಮೂರನ್ನೂ ಹೊಂದಿರಬೇಕು. ಏಕೆಂದರೆ ಹೂತುಹೋದವರನ್ನು ಹತ್ತು ನಿಮಿಷಗಳೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆ ಕಳೆದರೆ ಬದುಕುವವರು ಸುಮಾರು ಮೂವರು. ಊರಿನಿಂದ ಸಹಾಯ ಬರುವ ಹೊತ್ತಿಗೆ ಕಾಲ ಮೀರಿರುತ್ತದೆ. ಕಾಪಾಡಬಲ್ಲವರು ಜೊತೆಯಲ್ಲಿರುವವರು ಮಾತ್ರ. ಹನುಮಂತಪ್ಪನವರು ಆರು ದಿನ ಉಸಿರು ಹಿಡಿದಿದ್ದುದು ಅತ್ಯಪೂರ್ವವಾದ ಘಟನೆ. ಯಾರೂ ಅದನ್ನು ಲೆಕ್ಕಕ್ಕಿಟ್ಟುಕೊಂಡು ಬೆಟ್ಟಕ್ಕೆ ಹೊರಡಲಾಗದು.

ಇಷ್ಟೆಲ್ಲ ತಿಳಿವಳಿಕೆಯಿದ್ದರೂ ಸಾವುಗಳು ನಿಂತಿಲ್ಲ. ಕಾರಣವು ಹಿಮದಲ್ಲಿ ಮಾತ್ರವಿಲ್ಲ, ಮನಸ್ಸಿನಲ್ಲಿಯೂ ಇದೆ. ಚಪ್ಪಡಿಗೆ ಸಿಕ್ಕಿ ಸತ್ತ ಚಾರಣಿಗರಲ್ಲಿ ಬಹುಪಾಲಿನವರ ವಿಷಯದಲ್ಲಿ ಅದನ್ನು ಕಳಚಿದ್ದು ಅವರ ಅಥವಾ ಅವರ ಸಂಗಡಿಗರ ಭಾರವೇ ಎಂಬುದು ಅಧ್ಯಯನಗಳಿಂದ ತಿಳಿದ ಸಂಗತಿ. ಇಷ್ಟು ದೂರ ಬಂದು ಬರಿಗೈಯಲ್ಲಿ ಮರಳುವುದೆಂತು ಎಂಬ ಹಟ, ನಿನ್ನೆ ಯಾರೋ ಹೋದ ಹೆಜ್ಜೆಗುರುತಿದೆ ಎಂಬ ಧೈರ್ಯ, ಈ ದಾರಿ ಪರಿಚಿತವೆಂಬ ಅಲಕ್ಷ್ಯ, ಗುಂಪಿನಲ್ಲಿ ಬೇಡವೆಂದು ಹೇಳಲು ಸಂಕೋಚ ಇವೆಲ್ಲವೂ ಮನಸ್ಸಿನ ದುರ್ಬಲ ಪದರಗಳು. ಹೊರಗಿನಿಂದ ಕಾಣುವುದಿಲ್ಲ, ಭಾರ ಬಿದ್ದಾಗಲೇ ಕುಸಿಯುತ್ತವೆ.

ಶಿಖರವನ್ನು ಮುಟ್ಟಿದವನ ಹೆಸರು ನಾಲ್ಕು ಜನರಿಗೆ ತಿಳಿಯುತ್ತದೆ. ಪದರಗಳನ್ನು ಓದಿ, ಇಂದು ಬೇಡವೆಂದು ತನ್ನ ಸಂಗಡಿಗರನ್ನು ಹಿಂದಿರುಗಿಸಿಕೊಂಡು ಬಂದವನ ಹೆಸರು ಯಾವ ಪತ್ರಿಕೆಯಲ್ಲಿಯೂ ಅಚ್ಚಾಗುವುದಿಲ್ಲ. ಅವನು ತಪ್ಪಿಸಿದ ಕುಸಿತವನ್ನು ಯಾರೂ ಕಂಡಿರುವುದಿಲ್ಲ. ಆದರೂ ಆ ಸಂಜೆ ಕೆಲವು ಮನೆಗಳಿಗೆ ಮಕ್ಕಳು ಮರಳಿ ಬಂದಿರುತ್ತಾರೆ. ಸಿಯಾಚಿನ್ನಿನ ಯೋಧರಿಗೆ ದೊರೆಯದ ಆ ಆಯ್ಕೆ ತನಗೆ ದೊರೆತಿದೆ ಎಂಬುದನ್ನು ಚಾರಣಿಗ ಮರೆಯಬಾರದು. ಬೆಟ್ಟ ನಾಳೆಯೂ ಅಲ್ಲಿಯೇ ಇರುತ್ತದೆ.

ಅಭ್ಯಾಸ

ಪದಗಳ ಅರ್ಥ
ಚಾರಣಿಗ: ಬೆಟ್ಟ ಕಾಡುಗಳಲ್ಲಿ ಕಾಲ್ನಡಿಗೆಯ ಪ್ರವಾಸ ಮಾಡುವವನು
ಕೌದಿ: ಹಳೆಯ ಬಟ್ಟೆಗಳನ್ನು ಪದರವಾಗಿಟ್ಟು ಹೊಲಿದ ಹೊದಿಕೆ
ಹಳುಕು: ಸಣ್ಣ ಚೂರು
ಮೂಲೆಮಟ್ಟ: ಕೋನಗಳನ್ನು ಎಳೆಯಲು ಬಳಸುವ ತ್ರಿಕೋನಾಕಾರದ ಸಾಧನ
ವಾಯುಕ್ಷೋಭೆ: ವಾತಾವರಣದಲ್ಲಿ ಉಂಟಾಗುವ ಅಲ್ಲೋಲಕಲ್ಲೋಲ
ಅಲಕ್ಷ್ಯ: ಗಮನಕೊಡದಿರುವಿಕೆ

ಒಂದೊಂದು ವಾಕ್ಯದಲ್ಲಿ ಉತ್ತರಿಸಿ
1. ಹನುಮಂತಪ್ಪ ಕೊಪ್ಪದ ಅವರ ಊರು ಯಾವುದು?
2. ಚಪ್ಪಡಿಯ ಕುಸಿತಗಳು ಹೆಚ್ಚಾಗಿ ಎಷ್ಟು ಡಿಗ್ರಿಯ ಇಳಿಜಾರಿನಲ್ಲಿ ನಡೆಯುತ್ತವೆ?
3. ಹಿಮಕುಸಿತಗಳ ಅಧ್ಯಯನ ಸಂಸ್ಥೆ ಮನಾಲಿಯಲ್ಲಿ ಆರಂಭವಾದುದು ಯಾವಾಗ?

ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ
1. ಹಿಮದಲ್ಲಿ ಸಕ್ಕರೆಯಂತಹ ಹರಳುಗಳು ಹೇಗೆ ಬೆಳೆಯುತ್ತವೆ?
2. ಪೀರ್ ಪಂಜಾಲ್ ಮತ್ತು ಕಾರಕೋರಂ ಶ್ರೇಣಿಗಳ ಹಿಮದ ಸ್ವಭಾವದಲ್ಲಿರುವ ವ್ಯತ್ಯಾಸವೇನು?
3. ಹಿಮದ ಕಂಬವನ್ನು ತಟ್ಟಿ ಪರೀಕ್ಷಿಸುವ ಕ್ರಮವನ್ನು ವಿವರಿಸಿ.
4. ಮನಸ್ಸಿನ ದುರ್ಬಲ ಪದರಗಳೆಂದು ಲೇಖಕರು ಯಾವುದನ್ನು ಕರೆದಿದ್ದಾರೆ? ಏಕೆ?

ಸಂದರ್ಭದೊಡನೆ ವಿವರಿಸಿ
1. “ಆ ಸೊಬಗೇ ಹೂತುಹೋದ ಶತ್ರುವಾಗುತ್ತದೆ.”
2. “ಬೆಟ್ಟ ನಾಳೆಯೂ ಅಲ್ಲಿಯೇ ಇರುತ್ತದೆ.”

ಭಾಷಾಭ್ಯಾಸ
1. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿ: ಹಿಮಾಲಯ, ಚಳಿಗಾಲ, ಅತ್ಯಧಿಕ.
2. ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬ ಗಾದೆಯನ್ನು ಹತ್ತು ವಾಕ್ಯಗಳಲ್ಲಿ ವಿಸ್ತರಿಸಿ ಬರೆಯಿರಿ.